ಪಂಢರಪುರವನ್ನು ನಾವು ನೋಡಿದ್ದೇವೆಯೇ?

ಕಳೆದ ವರ್ಷ ದೀಪಾವಳಿಯ ಸೂಟಿಗೆ ಮೊದಲು ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಬಂದಿತು. ಒಬ್ಬರು ಪನ್ಹಾಳಗಡ ಎಂದರು. ಇನ್ನೊಬ್ಬರು ಮಹಾಬಳೇಶ್ವರ ಎಂದರು. ಹತ್ತನೆಯ ಇಯತ್ತೆಯ ಹುಡುಗರು ತಮ್ಮ ಕಡೆಯ ಒಬ್ಬನನ್ನು ಕಳಿಸಿ, ನೀರಿನ ಆಟಗಳಿರುವ ವಾಟರ್ ಪಾರ್ಕ್ ಒಂದರ ಹೆಸರನ್ನು ಹೇಳಿಸಿದರು. ಮೂಲೆಯಲ್ಲಿ ಕುಳಿತಿದ್ದ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಮೆಲ್ಲಗೆ "ಪಂಢರಪುರಕ್ಕೆ ಹೋದರಾಗದೇ?" ಎಂದಾಗ ಎಲ್ಲರೂ ನಕ್ಕುಬಿಟ್ಟೆವು. "ನೋಡಿದ ಊರನ್ನೇ ಮತ್ತೇನು ನೋಡುವುದು?" ಎಂದು ಆಡಿ ಆ ಮಾತನ್ನು ಅಲ್ಲಿಗೇ ಮುಗಿಸಿದವನು ನಾನೇ.

ಜತ್ತ ತಾಲೂಕಿನ ಈ ಮೂಡಣ ಭಾಗದಲ್ಲಿ ಪಂಢರಪುರವನ್ನು ನೋಡದ ಮನುಷ್ಯ ಸಿಗುವುದು ಕಷ್ಟವೇ. ಆಷಾಢಿ, ಕಾರ್ತಿಕಿ, ಮಾಘಿ, ಚೈತ್ರಿ ಎಂದು ವರ್ಷಕ್ಕೆ ನಾಲ್ಕು ಯಾತ್ರೆಗಳು; ಅದರಲ್ಲಿ ಯಾವುದಾದರೂ ಒಂದಕ್ಕೆ ಮನೆಯ ಒಬ್ಬರಾದರೂ ಹೋಗಿಯೇ ಇರುತ್ತಾರೆ. ನನ್ನ ತಂದೆಯವರಂತೂ ಕೊರಳಲ್ಲಿ ತುಳಸಿ ಮಣಿ ಹಾಕಿದ ವಾರಕರಿ. ನಾನು ಮೊದಲ ಸಲ ಹೋದದ್ದು ಅವರ ಹೆಗಲ ಮೇಲೆ ಕುಳಿತು. ಆಮೇಲೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಹೀಗಿದ್ದೂ, ಕಾರ್ತಿಕಿ ಮುಗಿದು ಹದಿನೈದು ದಿನಗಳಾದ ಮೇಲೆ ಒಂದು ಶನಿವಾರ ಮತ್ತು ಆದಿತ್ಯವಾರ ನನ್ನ ಅವ್ವನೊಂದಿಗೆ ಅಲ್ಲಿ ಉಳಿದು ಬಂದ ಮೇಲೆ ನನಗೆ ಅನಿಸಿದ್ದೇನೆಂದರೆ, ಆ ಊರನ್ನು ನಾನು ಈವರೆಗೆ ಸರಿಯಾಗಿ ನೋಡಿರಲೇ ಇಲ್ಲ. ಅದಕ್ಕಾಗಿ ಶಿಕ್ಷಕರ ಕೋಣೆಯಲ್ಲಿ ಆಡಿದ ಮಾತನ್ನು ಇಲ್ಲಿ ಹಿಂದೆಗೆದುಕೊಳ್ಳುತ್ತಿದ್ದೇನೆ. ಬರುವ ವರ್ಷ ನಮ್ಮ ಶಾಲೆಯ ಪ್ರವಾಸ ಪಂಢರಪುರಕ್ಕೇ ಹೋಗಬೇಕು ಎಂಬುದು ಈಗ ನನ್ನ ಮತ. ಯಾಕೆಂಬುದನ್ನು ವಿದ್ಯಾರ್ಥಿಗಳ ಮುಂದೆಯೂ ಪಾಲಕ ಬಂಧುಗಳ ಮುಂದೆಯೂ ಇಡುತ್ತೇನೆ.

ಅವ್ವನಿಗೆ ಈಗ ಎಪ್ಪತ್ತೆಂಟು. ಎಪ್ಪತ್ತೈದು ದಾಟಿದವರಿಗೆ ಎಸ್.ಟಿ. ಬಸ್ಸಿನಲ್ಲಿ 2022ರಿಂದ ಪುಕ್ಕಟೆ ಪ್ರಯಾಣವಿದೆಯಷ್ಟೆ? ಕಂಡಕ್ಟರನು ಆಧಾರ ಕಾರ್ಡನ್ನು ನೋಡಿ ಸೊನ್ನೆ ರೂಪಾಯಿಯ ತಿಕೀಟು ಹರಿದು ಕೊಟ್ಟಾಗ ಅವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ವಿಠ್ಠಲ ಕರಿಸ್ಯಾನ, ರೊಕ್ಕಾನೂ ಅವನ ಕೊಟ್ಟಾನ" ಎಂದಳು. ಸರಕಾರದ ಯೋಜನೆ ಎಂದು ನಾನು ತಿಳಿಸಿ ಹೇಳಲು ಹೋಗಲಿಲ್ಲ.

ಬಸ್ಸು ಮಂಗಳವೇಢೆಯಲ್ಲಿ ಸ್ವಲ್ಪ ಹೊತ್ತು ನಿಂತಿತು. ನಮ್ಮವರು ಆ ಊರನ್ನು ಬಿಳಿಜೋಳದ ಊರೆಂದು ಮಾತ್ರ ಬಲ್ಲರು. ಅಲ್ಲಿಯ ಎರೆ ನೆಲದ ಮಾಲದಂಡಿ ಜೋಳದ ರೊಟ್ಟಿಯ ರುಚಿ ತಿಂದವನಿಗೇ ಗೊತ್ತು, ಅದು ನಿಜ. ಆದರೆ ಕಲಚುರಿ ಬಿಜ್ಜಳನು ಕಲ್ಯಾಣಕ್ಕೆ ಹೋಗುವ ಮೊದಲು ಆಳಿದ ಊರು ಇದೇ. ಬಸವಣ್ಣನವರು ಅವನ ಭಂಡಾರದಲ್ಲಿ ಕೆಲಸಕ್ಕೆ ಸೇರಿದ್ದು ಇಲ್ಲಿಯೇ ಎಂದು ಪರಂಪರೆ ಹೇಳುತ್ತದೆ. ಬರಗಾಲದಲ್ಲಿ ಬೀದರಿನ ಸುಲ್ತಾನನ ಕಣಜ ತೆರೆದು ಜನರಿಗೆ ಕಾಳು ಹಂಚಿದ ದಾಮಾಜಿಪಂತನ ಊರೂ ಇದೇ. ವಿಠ್ಠಲನೇ ಮಹಾರನ ವೇಷದಲ್ಲಿ ಹೋಗಿ ಆ ಕಾಳಿನ ಹಣವನ್ನು ಸುಲ್ತಾನನಿಗೆ ಕಟ್ಟಿದನೆಂದು ಕಥೆ. ಚೋಖಾಮೇಳ ಎಂಬ ಸಂತನು ಬದುಕಿ, ಗೋಡೆ ಕಟ್ಟುವ ಬಿಟ್ಟಿ ಕೆಲಸದಲ್ಲಿ ಅದೇ ಗೋಡೆ ಕುಸಿದು ಸತ್ತದ್ದೂ ಇಲ್ಲಿಯೇ. ಅವನ ಮಾತು ಮುಂದೆ ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ನಾನು ಚಹಾ ಕುಡಿಯುತ್ತ ಕುಳಿತದ್ದು ಅರ್ಧ ತಾಸು. ಅಷ್ಟು ಹೊತ್ತಿನಲ್ಲಿ ಈ ಊರಿನ ಬಗ್ಗೆ ನಾನು ವರ್ಗದಲ್ಲಿ ಎಷ್ಟು ಹೇಳಿದ್ದೇನೆಂದು ನೆನಪಿಸಿಕೊಂಡೆ. ಒಂದು ವಾಕ್ಯವೂ ನೆನಪಾಗಲಿಲ್ಲ. ಹಂಪೆಯ ಬಗ್ಗೆ ಎರಡು ಪೀರಿಯಡ್ ಹೇಳುತ್ತೇನೆ.

ಸಂಜೆಯ ಹೊತ್ತಿಗೆ ಪಂಢರಪುರ ಮುಟ್ಟಿದೆವು. ಒಂದು ಮಠದಲ್ಲಿ ಗಂಟುಮೂಟೆ ಇಟ್ಟು, ಮಹಾದ್ವಾರದ ಘಾಟಿನಿಂದ ನದಿಗೆ ಇಳಿದೆವು. ಇಲ್ಲಿ ಭೀಮಾ ನದಿಯು ಎಳೆಚಂದ್ರನಂತೆ ಬಾಗಿ ಹರಿಯುತ್ತದೆ, ಅದಕ್ಕೇ ಈ ಊರಿನ ಹತ್ತಿರ ಅದಕ್ಕೆ ಚಂದ್ರಭಾಗೆ ಎಂದು ಹೆಸರು. ನಡುವೆ ಪುಂಡಲೀಕನ ಗುಡಿ. ತಾಯಿತಂದೆಗಳ ಸೇವೆಯಲ್ಲಿದ್ದ ಪುಂಡಲೀಕನು, ಬಾಗಿಲಿಗೆ ಬಂದ ದೇವರಿಗೆ "ನಿಲ್ಲು" ಎಂದು ಇಟ್ಟಂಗಿ ಒಗೆದನಂತೆ; ದೇವರು ಅದರ ಮೇಲೆ ಸೊಂಟಕ್ಕೆ ಕೈಯಿಟ್ಟು ಇನ್ನೂ ನಿಂತಿದ್ದಾನೆ. ತಾಯಿಯನ್ನು ಕರೆದುಕೊಂಡು ಬಂದ ಮಗ ನಾನೆಂದು ನನಗೂ ಆಗ ಸ್ವಲ್ಪ ಹೆಮ್ಮೆ ಅನಿಸಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಆ ಹೆಮ್ಮೆ ಬಹಳ ಹೊತ್ತು ಉಳಿಯಲಿಲ್ಲ.

ಯಾತ್ರೆ ಮುಗಿದು ಹದಿನೈದು ದಿನಗಳಾಗಿದ್ದವು. ನೀರು ಇಳಿದಿತ್ತು. ದಂಡೆಯುದ್ದಕ್ಕೂ ಹಳೆಯ ಸೀರೆ ಧೋತರ, ಒಡೆದ ತೆಂಗಿನ ಚಿಪ್ಪು, ದ್ರೋಣ, ಊದಿನಕಡ್ಡಿಯ ಕಾಗದ, ದೇವರ ಒಡೆದ ಫೋಟೋಗಳು, ಪ್ಲಾಸ್ಟಿಕ್ ಚೀಲಗಳು. ಮರಳು ತೆಗೆದ ಕುಣಿಗಳಲ್ಲಿ ಹಸಿರು ನೀರು ನಿಂತಿತ್ತು. ಒಂದು ಕಡೆಯಿಂದ ಊರಿನ ಕರಿ ನೀರು ಸಣ್ಣಗೆ ಬಂದು ನದಿಗೆ ಕೂಡುತ್ತಿತ್ತು. ಅದರ ಇಪ್ಪತ್ತು ಹೆಜ್ಜೆ ಕೆಳಗೆ ಜನ ಮುಳುಗಿ ಏಳುತ್ತಿದ್ದರು.

ಅವ್ವ ಕೈಚೀಲದಿಂದ ತಾಮ್ರದ ಸಣ್ಣ ತಂಬಿಗೆ ತೆಗೆದಳು. ಮೂರು ಸಲ ನೀರು ತಲೆಗೆ ಹನಿಸಿಕೊಂಡು, ನಾಲ್ಕನೆಯ ಸಲ ಬೊಗಸೆಯನ್ನು ಬಾಯಿಗೆ ಒಯ್ದಳು. ನಾನು ಕೈ ಹಿಡಿದೆ.

"ಅವ್ವಾ, ಬ್ಯಾಡ. ಕುಡೀಬ್ಯಾಡ."

"ಯಾಕೋ ತಮ್ಮಾ?"

"ನೀರು ಹೊಲಸ ಐತಿ. ಅಲ್ಲಿ ನೋಡು, ಗಟಾರ ಕೂಡಾಕತ್ತೈತಿ."

ಅವಳು ಆ ಕಡೆ ನೋಡಿದಳು. ನೋಡಲಿಲ್ಲವೆಂದಲ್ಲ, ಚೆನ್ನಾಗಿಯೇ ನೋಡಿದಳು. ಆಮೇಲೆ ನನ್ನ ಕೈ ಬಿಡಿಸಿಕೊಂಡು ಹೇಳಿದಳು: "ನೀ ಮಾಸ್ತರ ಆಗಿ ಭಾಳ ಶಾಣ್ಯಾ ಆಗೀದಿ. ಮೈಲಿಗಿ ಮಂದಿಗೆ ಹತ್ತತೈತಿ, ಗಂಗಿಗೆ ಹತ್ತೂದಿಲ್ಲ." ಹೇಳಿ ಬೊಗಸೆ ನೀರು ಕುಡಿದುಬಿಟ್ಟಳು. ಕಣ್ಣು ಮುಚ್ಚಿ ಒಂದಿಷ್ಟು ಹೊತ್ತು ನಿಂತಳು. ತಂಬಿಗೆಯನ್ನೂ ತುಂಬಿಕೊಂಡಳು.

ಆ ರಾತ್ರಿ ಅವಳಿಗೇನೂ ಆಗಲಿಲ್ಲ. ನನಗೆ ಮಾತ್ರ ನಿದ್ದೆ ಬರಲಿಲ್ಲ. ಕನ್ನಡ ಕಲಿಸುವವನಿಗೆ ಶಬ್ದಗಳು ಸುಮ್ಮನೆ ಬಿಡುವುದಿಲ್ಲ. ಮೈಲಿಗೆ ಎಂದರೇನು, ಹೊಲಸು ಎಂದರೇನು? ವರ್ಗದಲ್ಲಿ ಕೇಳಿದರೆ ಹುಡುಗರು ಎರಡೂ ಒಂದೇ ಎನ್ನುತ್ತಾರೆ. ಅಲ್ಲ. ಹೊಲಸು ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಿಳಿಯುತ್ತದೆ, ತೊಳೆದರೆ ಹೋಗುತ್ತದೆ. ಮೈಲಿಗೆ ಕಾಣುವುದಿಲ್ಲ, ಅದು ಇದೆಯೆಂದು ಯಾರೋ ಹೇಳಬೇಕು, ಉಳಿದವರು ನಂಬಬೇಕು. ಹಾಗೆಯೇ ಮಡಿ ಬೇರೆ, ಶುಚಿ ಬೇರೆ. ಮಡಿಯ ಬಟ್ಟೆ ಎಷ್ಟೋ ಸಲ ಕೊಳೆಯಾಗಿಯೇ ಇರುತ್ತದೆ. ಎರಡು ಜೋಡಿ ಶಬ್ದಗಳು ನಮ್ಮ ಭಾಷೆಯಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆ ಬೇರೆ ಇರುವಾಗ ನಾವು ಅವುಗಳನ್ನು ಕಲಸಿ ಒಂದು ಮಾಡಿಕೊಂಡಿದ್ದೇವೆ. ನದಿಯು ಪವಿತ್ರವಾದದ್ದು, ಆದ ಕಾರಣ ಅದು ಹೊಲಸಾಗಲಾರದು. ಹೊಲಸಾಗಲಾರದು, ಆದ ಕಾರಣ ಅದರೊಳಗೆ ಏನು ಹಾಕಿದರೂ ನಡೆಯುತ್ತದೆ. ನನ್ನ ಅವ್ವನ ಭಕ್ತಿ ಸುಳ್ಳೆಂದು ನಾನು ಎಂದಿಗೂ ಹೇಳಲಾರೆ. ಆದರೆ ಈ ಲೆಕ್ಕ ಸುಳ್ಳು.

ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು, ಇಲ್ಲವಾದರೆ ಅವ್ವನ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಹನ್ನೊಂದು ವರ್ಷಗಳ ಹಿಂದೆ ತಂದೆಯವರ ಅಸ್ಥಿಯನ್ನು ತಂದು ಇದೇ ನದಿಗೆ ಬಿಟ್ಟವನು ನಾನು. ಗಡಿಗೆಯಲ್ಲಿ ತರಲು ಬಸ್ಸಿನಲ್ಲಿ ಅಡಚಣೆಯೆಂದು ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದೆ. ಜೊತೆಗೆ ಅವರ ಧೋತರ, ರುಮಾಲು, ಚೆಂಡು ಹೂವಿನ ಹಾರ. ಚೀಲವನ್ನು ಬಿಚ್ಚಿ ಸುರುವಲು ಕೈ ಬರಲಿಲ್ಲ. ಗಂಟು ಕಟ್ಟಿದ್ದಂತೆಯೇ ನೀರಿಗೆ ಬಿಟ್ಟೆ. ಅದು ಮುಳುಗಲಿಲ್ಲ; ಬಹಳ ದೂರದವರೆಗೆ ಬೆಳ್ಳಗೆ ತೇಲುತ್ತ ಹೋಯಿತು. ನಾನು ಕೈ ಮುಗಿದು ನಿಂತಿದ್ದೆ. ವಿಜ್ಞಾನದ ಮಾಸ್ತರರು ಪರಿಸರ ದಿನಾಚರಣೆಗೆ ಭಾಷಣ ಬರೆದು ಕೊಡಿರೆಂದಾಗ ಪ್ರತಿ ವರ್ಷ ಬರೆದು ಕೊಟ್ಟಿದ್ದೇನೆ. ಆ ಚೀಲದ ನೆನಪು ಅದನ್ನು ಬರೆಯುವಾಗ ಒಮ್ಮೆಯೂ ಬಂದಿರಲಿಲ್ಲ.

ಇಲ್ಲಿ ಭೂಗೋಲದ ಒಂದು ಮಾತು. ನಿಮ್ಮ ನಕಾಶೆ ಪುಸ್ತಕವನ್ನು ತೆಗೆದು ಭೀಮಾ ನದಿಯ ಮೇಲೆ ಬೆರಳಿಡಿರಿ. ಅದು ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುತ್ತದೆ. ದೇಹೂ ಮತ್ತು ಆಳಂದಿಯನ್ನು ಹಾಯ್ದು ಬರುವ ಇಂದ್ರಾಯಣಿ ತುಳಾಪುರದಲ್ಲಿ ಅದನ್ನು ಕೂಡುತ್ತದೆ. ಪುಣೆಯ ನೀರನ್ನು ಹೊತ್ತ ಮುಳಾ-ಮುಠಾ ಮುಂದೆ ಕೂಡುತ್ತದೆ. ಎಲ್ಲವೂ ಉಜನಿ ಆಣೆಕಟ್ಟಿಗೆ ಬಂದು, ಅಲ್ಲಿಂದ ಇಳಿದು, ನೀರಾ ನದಿಯನ್ನು ಕೂಡಿಸಿಕೊಂಡು ಪಂಢರಪುರಕ್ಕೆ ಬರುತ್ತದೆ. ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿ ಆಳಂದಿಯಿಂದಲೂ, ತುಕಾರಾಮರ ಪಾಲಖಿ ದೇಹೂವಿನಿಂದಲೂ ಹೊರಟು ಮೂರು ವಾರಗಳ ಸುಮಾರು ನಡೆದು ಇಲ್ಲಿಗೆ ಬರುತ್ತವೆಂದು ನಿಮಗೆ ಗೊತ್ತಿದೆ. ಅದೇ ಎರಡು ಊರುಗಳಿಂದ ನೀರೂ ಹೊರಟು ಇಲ್ಲಿಗೇ ಬರುತ್ತದೆ. ಪಾಲಖಿಯ ಹಿಂದೆ ಲಕ್ಷಗಟ್ಟಲೆ ಜನ ನಡೆಯುತ್ತಾರೆ. ನೀರಿನ ಹಿಂದೆ ಯಾರೂ ನಡೆಯುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಆಳಂದಿಯ ಇಂದ್ರಾಯಣಿಯ ಮೇಲೆ ಕಾರಖಾನೆಗಳ ಬಿಳಿ ನೊರೆ ತೇಲುವ ಚಿತ್ರಗಳನ್ನು ವರ್ತಮಾನಪತ್ರಗಳಲ್ಲಿ ನೀವೂ ನೋಡಿರಬೇಕು.

ಇನ್ನು ಬೆರಳನ್ನು ಕೆಳಗೆ ಸರಿಸಿರಿ. ಸೋಲಾಪುರ ನಗರಕ್ಕೆ ಕುಡಿಯುವ ನೀರಿಗೆಂದು ಉಜನಿಯಿಂದ ಇದೇ ಪಾತ್ರದಲ್ಲಿ ನೀರು ಬಿಡುತ್ತ ಬಂದಿದ್ದಾರೆ. ಅದು ಪಂಢರಪುರದ ಘಾಟುಗಳನ್ನು ಹಾಯ್ದೇ ಹೋಗಬೇಕು. ಮುಂದೆ ಕೂಡಲದಲ್ಲಿ ಸೀನಾ ನದಿ ಕೂಡುತ್ತದೆ. ಆಮೇಲೆ ಕನ್ನಡ ನಾಡು. ಅಲ್ಲಿ ಗಾಣಗಾಪುರ, ನಮ್ಮ ತಾಲೂಕಿನಿಂದಲೇ ಎಷ್ಟೋ ಮನೆತನದವರು ದತ್ತನ ಪಾದುಕೆಗೆ ಹೋಗಿ ಸಂಗಮದಲ್ಲಿ ಮೀಯುತ್ತಾರೆ. ಇನ್ನೂ ಕೆಳಗೆ ಸನ್ನತಿ, ಚಂದ್ರಲಾಂಬೆಯ ಸ್ಥಾನ, 1986ರಲ್ಲಿ ಅಶೋಕನ ಶಾಸನ ಸಿಕ್ಕ ಊರು. ಒಟ್ಟು 861 ಕಿಲೋಮೀಟರ್ ಹರಿದು ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತದೆ. ನಾನು ಪಂಢರಪುರದಲ್ಲಿ ಬಿಟ್ಟ ಚೀಲ ಯಾವ ಊರಿನ ಯಾವ ಮುದುಕಿಯ ಬೊಗಸೆಯ ಹತ್ತಿರ ಹೋಗಿ ನಿಂತಿತೋ! ಮೇಲಿನವರ ಮಾತು ಬಂದಾಗ ಪುಣೆಯವರನ್ನು ಬಯ್ಯಲು ನಮಗೆ ಚೆನ್ನಾಗಿ ಬರುತ್ತದೆ. ನಮ್ಮ ಕೆಳಗೆ ಇರುವವರು ನಮ್ಮನ್ನು ಬಯ್ಯುವ ಹಕ್ಕನ್ನು ಪಡೆದಿದ್ದಾರೆಂಬುದು ನೆನಪಾಗುವುದಿಲ್ಲ. ಆ ಕೆಳಗಿನವರು ನಮ್ಮದೇ ಭಾಷೆಯವರು.

ಸರಕಾರ ಏನೂ ಮಾಡಿಲ್ಲವೆನ್ನಲಾಗದು. 2016ರಲ್ಲಿ "ನಮಾಮಿ ಚಂದ್ರಭಾಗಾ" ಎಂಬ ಯೋಜನೆಯನ್ನು ಮಹಾರಾಷ್ಟ್ರ ಸರಕಾರ ಸಾರಿತು. ನದಿಯ ಆಚೆ ದಡದಲ್ಲಿ "65 ಎಕರೆ" ಎಂದೇ ಹೆಸರಾದ ಬಯಲಿನಲ್ಲಿ ವಾರಕರಿಗಳ ವಸತಿಗೆ, ಶೌಚಕ್ಕೆ ಏರ್ಪಾಡಾಗಿದೆ. ಇದಕ್ಕೆಲ್ಲ ಹಿನ್ನೆಲೆಯಾಗಿ ಒಂದು ನಾಚಿಕೆಯ ಕಥೆಯೂ ಇದೆ. ಯಾತ್ರೆ ಮುಗಿದ ಮೇಲೆ ನದಿಯ ಮರಳಿನಲ್ಲಿ ಬಿದ್ದ ಮಲವನ್ನು ಮನುಷ್ಯರೇ ಕೈಯಿಂದ ಬಳಿಯಬೇಕಾಗುತ್ತಿತ್ತು. ಅದನ್ನು ನಿಷೇಧಿಸುವ ಕಾಯದೆ 2013ರಲ್ಲಿ ಬಂದ ಮೇಲೂ ಆ ಪ್ರಶ್ನೆ ಮುಂಬಯಿ ಉಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಭಕ್ತರು ಪುಣ್ಯ ಕಟ್ಟಿಕೊಂಡು ಊರಿಗೆ ಹೋದರು. ಬಳಿಯುವವರು ಯಾವ ಜಾತಿಯವರಾಗಿದ್ದರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದಿತ್ಯವಾರ ಬೆಳಿಗ್ಗೆ ದರ್ಶನದ ಸಾಲು. ದೂರದಿಂದ ಮುಖ ನೋಡಿ ಬರುವ ಮುಖದರ್ಶನದ ಸಾಲು ಚಿಕ್ಕದಿತ್ತು. ಅಲ್ಲಿಗೇ ಹೋಗೋಣವೆಂದರೆ ಅವ್ವ ಕೇಳಲಿಲ್ಲ. "ಕಾಲು ಮುಟ್ಟದ ದರ್ಶನ ಎಂಥಾ ದರ್ಶನೋ" ಎಂದಳು. ಪಂಢರಪುರದ ದೊಡ್ಡಸ್ತಿಕೆ ಇರುವುದೇ ಅದರಲ್ಲಿ: ಯಾರೇ ಬರಲಿ, ಗರ್ಭಗುಡಿಗೆ ಹೋಗಿ ದೇವರ ಪಾದಕ್ಕೆ ತಲೆಯಿಟ್ಟು ಬರಬಹುದು. 2024ರಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕಾಗಿ ಎರಡೂವರೆ ತಿಂಗಳು ಪಾದಸ್ಪರ್ಶ ನಿಂತಿದ್ದಾಗ ಅವ್ವ ದಿನವೂ ಅದನ್ನೇ ಕೇಳುತ್ತಿದ್ದಳು.

ನಾಲ್ಕು ತಾಸು ನಿಂತೆವು. ಮುಂದೆ ಲಾತೂರ ಕಡೆಯ ಒಬ್ಬ ಅಜ್ಜಿ. ಅವ್ವನಿಗೆ ಮರಾಠಿ ಓದಲು ಬಾರದು, ಆ ಅಜ್ಜಿಗೆ ಕನ್ನಡ ತಿಳಿಯದು. ಇಬ್ಬರೂ ಹುರಿದ ಸೇಂಗಾ ಹಂಚಿಕೊಂಡು ತಿಂದರು, ಸೊಸೆಯಂದಿರ ವಿಷಯ ಮಾತಾಡಿದರು. ಯಾವ ಭಾಷೆಯಲ್ಲಿ ಮಾತಾಡಿದರೆಂದು ಪಕ್ಕದಲ್ಲೇ ಇದ್ದ ನನಗೆ ಹೇಳಲು ಬರುವುದಿಲ್ಲ.

ಸಾಲಿನ ತಡೆಯಲ್ಲಿ ನನಗೆ ನೆನಪಾದದ್ದು ನಮ್ಮ ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗನ ಮಾತು. ಹಿಂದೊಮ್ಮೆ ನಿಬಂಧದಲ್ಲಿ ಅವನು ಬರೆದಿದ್ದ: ನನ್ನ ಮುತ್ಯಾನ ಅಪ್ಪ ಪ್ರತಿ ವರ್ಷ ಪಂಢರಪುರಕ್ಕೆ ನಡೆದುಕೊಂಡು ಹೋಗುತ್ತಿದ್ದರು, ಆದರೆ ಅವರು ವಿಠ್ಠಲನನ್ನು ನೋಡಿರಲಿಲ್ಲ. ನಾನು ಕೆಂಪು ಮಸಿಯಿಂದ ಅದರ ಕೆಳಗೆ ಗೆರೆ ಎಳೆದು, "ವಾಕ್ಯ ಅಸಂಬದ್ಧ" ಎಂದು ಬರೆದು, ಅರ್ಧ ಅಂಕ ಕಡಿದಿದ್ದೆ. ಹುಡುಗ ಏನೂ ಅನ್ನಲಿಲ್ಲ.

ಮಹಾದ್ವಾರದ ಮೊದಲ ಪಾವಟಿಗೆಯನ್ನು ನಾಮದೇವನ ಪಾಯರಿ ಎನ್ನುತ್ತಾರೆ. ಭಕ್ತರ ಪಾದಧೂಳಿ ತನ್ನ ಮೇಲೆ ಬೀಳಲೆಂದು ಸಂತ ನಾಮದೇವ ಅಲ್ಲಿಯೇ ಸಮಾಧಿಯಾದನೆಂದು ನಂಬಿಕೆ; ಜನ ಅದನ್ನು ತುಳಿಯದೆ ದಾಟುತ್ತಾರೆ. ಅದರ ಎದುರಿಗೆ ಚೋಖಾಮೇಳನ ಸಮಾಧಿ. ಮಂಗಳವೇಢೆಯಲ್ಲಿ ಗೋಡೆಯ ಕೆಳಗೆ ಸತ್ತವನ ಎಲುಬುಗಳನ್ನು ನಾಮದೇವನು ಆರಿಸಿ ತಂದು ಇಲ್ಲಿಟ್ಟನಂತೆ. ವಿಠ್ಠಲ ವಿಠ್ಠಲ ಎಂಬ ನಾದ ಕೇಳಿಬಂದ ಎಲುಬುಗಳು ಅವನವೆಂದು ಗುರುತು ಹಿಡಿದನಂತೆ. ಕಥೆ ಕೇಳಿ ಕಣ್ಣೀರು ಬರುತ್ತದೆ. ಆದರೆ ಲೆಕ್ಕ ಮಾಡಿ ನೋಡಿರಿ. 14ನೆಯ ಶತಮಾನದಲ್ಲಿ ಚೋಖಾಮೇಳನ ಎಲುಬುಗಳು ಬಾಗಿಲಿನವರೆಗೆ ಬಂದವು. ಅವನ ಜಾತಿಯ ಜೀವಂತ ಮನುಷ್ಯರು ಆ ಬಾಗಿಲನ್ನು ದಾಟಲು 1947ರವರೆಗೆ ಕಾಯಬೇಕಾಯಿತು. ಆ ವರ್ಷ ಮೇ 1ರಿಂದ 10ರವರೆಗೆ ಸಾನೆ ಗುರೂಜಿಯವರು ಪಂಢರಪುರದಲ್ಲಿಯೇ ಉಪವಾಸ ಕುಳಿತ ಮೇಲೆ ಬಾಗಿಲು ತೆರೆಯಲು ಒಪ್ಪಿಗೆಯಾಯಿತು. ಅವರ "ಶ್ಯಾಮಚೀ ಆಯೀ" ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಇದೆ. ಆದರೆ ಈ ಉಪವಾಸದ ಸಂಗತಿಯನ್ನು ಎಷ್ಟು ಜನ ಬಲ್ಲಿರಿ? ದೇವಸ್ಥಾನದ ವಂಶಪಾರಂಪರ್ಯದ ಹಕ್ಕುಗಳನ್ನು 1973ರ ಕಾಯದೆ ತೆಗೆದುಹಾಕಿತು. ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಅದನ್ನು ಎತ್ತಿ ಹಿಡಿದ ಮೇಲೆ, ಪೂಜೆಯ ಕೆಲಸಕ್ಕೆ ಎಲ್ಲ ಜಾತಿಯವರಿಂದ, ಸ್ತ್ರೀಯರಿಂದಲೂ ದೇವಸ್ಥಾನ ಸಮಿತಿ ಅರ್ಜಿ ಕರೆಯಿತು.

ಅಂದಮೇಲೆ ಆ ಹುಡುಗನ ಮುತ್ಯಾನ ಅಪ್ಪ ವಿಠ್ಠಲನನ್ನು ನೋಡಿರದಿದ್ದದ್ದು ಅಸಂಬದ್ಧವೇನಲ್ಲ. ಪ್ರತಿ ವರ್ಷ ನಡೆದು ಬಂದು, ನದಿಯಲ್ಲಿ ಮಿಂದು, ಚೋಖಾಮೇಳನ ಕಲ್ಲಿಗೆ ಕೈ ಮುಗಿದು ತಿರುಗಿ ಹೋಗುತ್ತಿದ್ದರು. "ಮೈಲಿಗಿ ಮಂದಿಗೆ ಹತ್ತತೈತಿ, ಗಂಗಿಗೆ ಹತ್ತೂದಿಲ್ಲ" ಎಂಬ ಅವ್ವನ ಮಾತು ಆಗ ಪೂರ್ತಿ ಅರ್ಥವಾಯಿತು. ಗಟಾರದ ನೀರನ್ನು ತೀರ್ಥವೆಂದು ಕರೆದೆವು, ಸ್ವಚ್ಛ ಮಿಂದು ಬಂದ ಮನುಷ್ಯನನ್ನು ಮೈಲಿಗೆ ಎಂದು ಕರೆದೆವು. ಎರಡೂ ಕಡೆಗೆ ತಪ್ಪಾದದ್ದು ಅದೇ ಒಂದು ಶಬ್ದ. ಊರಿಗೆ ಬಂದ ಮೇಲೆ ಆ ಹುಡುಗನ ವಹಿಯನ್ನು ಕೇಳಿ ಪಡೆದು, ಕೆಂಪು ಗೆರೆಯ ಪಕ್ಕದಲ್ಲಿ "ಗುರುಗಳ ತಪ್ಪು" ಎಂದು ಬರೆದು ಅರ್ಧ ಅಂಕ ಹೊರಳಿ ಕೊಟ್ಟೆ. ಹುಡುಗನು ಅಂಕಗಳ ಬೆರೀಜು ಬದಲಾಯಿತೇ ಎಂದು ಮಾತ್ರ ನೋಡಿಕೊಂಡ.

ಇನ್ನು ಭಾಷೆಯ ಮಾತು. ಕನ್ನಡ ಶಾಲೆಯ ಅಂಕದಲ್ಲಿ ಇದನ್ನು ಬಿಡಲಾಗದು. ಜ್ಞಾನೇಶ್ವರರ ಹೆಸರಿನ ಅಭಂಗದಲ್ಲಿ ವಿಠ್ಠಲನನ್ನು ಕಾನಡಾ ಎಂದು ಕರೆದಿದೆ. ದೇವಸ್ಥಾನದಲ್ಲಿ ಹೊಯ್ಸಳ ಸೋಮೇಶ್ವರನ 1237ರ ಶಾಸನವಿದೆ. ಅದರಲ್ಲಿ ಈ ಊರಿನ ಹೆಸರು ಪಂಡರಗೆ. ವಿಷ್ಣುವು ಕನ್ನಡಿಗರ ಬಾಯಲ್ಲಿ ಬಿಟ್ಟಿಯಾಗಿ, ಅದರಿಂದ ವಿಠ್ಠಲ ಬಂತೆಂದು ಭಾಂಡಾರಕರರು ತರ್ಕಿಸಿದರು. ರಾ. ಚಿಂ. ಢೇರೆಯವರು 1984ರಲ್ಲಿ ಬರೆದ "ಶ್ರೀವಿಠ್ಠಲ: ಏಕ ಮಹಾಸಮನ್ವಯ" ಎಂಬ ಮರಾಠಿ ಗ್ರಂಥದಲ್ಲಿ, ಈ ದೇವರು ಮೊದಲು ಕುರಿ ದನ ಕಾಯುವವರ ದೇವರಾಗಿದ್ದನೆಂದು ವಾದಿಸಿದ್ದಾರೆ. ಹುಲಜಂತಿಯ ಮಾಳಿಂಗರಾಯನ ಜಾತ್ರೆಗೆ ಹೋಗುವ ನಮ್ಮ ಕುರುಬರ ಮಕ್ಕಳಿಗೆ, ವಿಠ್ಠಲ ಬೀರಪ್ಪರನ್ನು ಒಂದೇ ಉಸುರಿನಲ್ಲಿ ಕೂಗುವವರಿಗೆ, ಇದು ಹೊಸದೆನಿಸಲಿಕ್ಕಿಲ್ಲ. ಇತ್ತ ಪುರಂದರದಾಸರಿಂದ ಹಿಡಿದು ವಿಜಯದಾಸ, ಗೋಪಾಲದಾಸ, ಜಗನ್ನಾಥದಾಸರವರೆಗೆ ಹಾಡಿನ ಕೊನೆಗೆ ನಿಂತ ಅಂಕಿತವೆಲ್ಲ ವಿಠ್ಠಲನದೇ.

ಇದನ್ನೆಲ್ಲ ಹೇಳಿ "ವಿಠ್ಠಲ ನಮ್ಮವನು, ನಿಮ್ಮವನಲ್ಲ" ಎಂದು ಜಗಳ ತೆಗೆಯುವವರು ಎರಡೂ ಕಡೆಗೆ ಇದ್ದಾರೆ. ನನಗೆ ಆ ಜಗಳದಲ್ಲಿ ರುಚಿಯಿಲ್ಲ. ದೇವಸ್ಥಾನದಲ್ಲಿ "ಚೌರ್ಯಾಂಶಿ" ಎಂಬ ಇನ್ನೊಂದು ಶಿಲಾಲೇಖವಿದೆ, 1273ರಿಂದ 1277ರವರೆಗೆ ಗುಡಿಗೆ ದಾನ ಕೊಟ್ಟವರ ಹೆಸರುಗಳದ್ದು. ಅದಕ್ಕೆ ಬೆನ್ನು ಉಜ್ಜಿದರೆ 84 ಲಕ್ಷ ಜನ್ಮ ತಪ್ಪುತ್ತದೆಂದು ಜನ ತಲೆಮಾರುಗಟ್ಟಲೆ ಉಜ್ಜುತ್ತ ಬಂದರು. ಓದಬೇಕಾದ ಕಲ್ಲಿಗೆ ಬೆನ್ನು ಉಜ್ಜುವುದು ಎಂದರೆ ಇದೇ. ಭಾಷೆಯ ಅಭಿಮಾನವನ್ನೂ ನಾವು ಹೀಗೆಯೇ ಮಾಡುತ್ತೇವೆ. ನವೆಂಬರ ಒಂದರಂದು ಕೂಗುತ್ತೇವೆ. ಜೂನ್ ಬಂದಾಗ ಮಗುವಿನ ಹೆಸರನ್ನು ಬೇರೆ ಮಾಧ್ಯಮದ ಶಾಲೆಗೆ ಹಚ್ಚುತ್ತೇವೆ.

ನಾನು ನಾಲ್ಕನೆಯವರೆಗೆ ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಕಲಿತವನು. ಐದನೆಯ ಇಯತ್ತೆಯಲ್ಲಿ ನನ್ನ ಮರಾಠಿ ಉಚ್ಚಾರ ಕೇಳಿ ವರ್ಗವೆಲ್ಲ ನಗುತ್ತಿತ್ತು. ಮನೆಗೆ ಬಂದು ಅತ್ತಾಗ ತಂದೆಯವರು, ತಾನು ಮೂವತ್ತು ವರ್ಷದಿಂದ ತಪ್ಪು ಉಚ್ಚಾರದಲ್ಲಿಯೇ ಅಭಂಗ ಹೇಳುತ್ತಿದ್ದೇನೆ, ವಿಠ್ಠಲ ಇನ್ನೂ ನಕ್ಕಿಲ್ಲ ಎಂದಿದ್ದರು. ಬೆಳಿಗ್ಗೆ ದಾಸರ ಪದ, ಸಂಜೆ ತುಕಾರಾಮರ ಅಭಂಗ, ಅವರಿಗೆ ಎರಡರ ನಡುವೆ ಗಡಿ ಇರಲಿಲ್ಲ. ಎರಡು ಭಾಷೆ ಬಂದದ್ದರಿಂದ ನನಗೇನೂ ಕಡಿಮೆಯಾಗಲಿಲ್ಲ. ನಾನು ಮರಾಠಿಯಲ್ಲಿ ಢೇರೆಯವರನ್ನು ಓದಿದ್ದರಿಂದಲೇ ಇಷ್ಟು ಹೇಳಲು ಬಂತು. ಆದರೆ ಕನ್ನಡ ಬಿಟ್ಟಿದ್ದರೆ ಪಂಡರಗೆ ಎಂಬ ಶಬ್ದ ನನಗೆ ಬರಿಯ ಸದ್ದಾಗುತ್ತಿತ್ತು. ಮಗುವನ್ನು ಕನ್ನಡದಿಂದ ಬಿಡಿಸಿದರೆ ಮರಾಠಿ ಚೆನ್ನಾಗಿ ಬರುತ್ತದೆಂದು ತಿಳಿದ ಪಾಲಕರು ದಯಮಾಡಿ ಒಮ್ಮೆ ಬಂದು ನನ್ನೊಡನೆ ಮಾತಾಡಿರಿ.

ಹೀಗಾಗಿ ಪ್ರವಾಸ ಪಂಢರಪುರಕ್ಕೆ ಹೋಗಲಿ ಎನ್ನುತ್ತೇನೆ. ನಮ್ಮ ಶಾಲೆಯಲ್ಲಿ ಮುಸಲ್ಮಾನರ ಮಕ್ಕಳಿದ್ದಾರೆ, ಜೈನರಿದ್ದಾರೆ, ವಿಠ್ಠಲನನ್ನು ಪೂಜಿಸದ ಮನೆತನಗಳೂ ಇವೆ. ಅವರನ್ನು ದೇವರ ಸಾಲಿಗೆ ನಿಲ್ಲಿಸುವುದು ಶಾಲೆಯ ಕೆಲಸವಲ್ಲ. ದರ್ಶನ ಬೇಕಾದವರು ತಮ್ಮ ತಾಯಿತಂದೆಗಳೊಡನೆ ಮತ್ತೊಮ್ಮೆ ಹೋಗಲಿ. ಶಾಲೆ ನೋಡಬೇಕಾದದ್ದು ಹೊಳೆಯನ್ನು, ಗಟಾರ ಕೂಡುವ ಜಾಗವನ್ನು, ಮಹಾದ್ವಾರದ ಪಾಯರಿಯನ್ನು, ಸಾನೆ ಗುರೂಜಿ ಉಪವಾಸ ಕುಳಿತ ತನಪುರೆ ಮಹಾರಾಜರ ಮಠವನ್ನು. ಗಾಡಗೆ ಬಾಬಾ ಪಂಢರಪುರಕ್ಕೆ ಬಂದರೂ ಗುಡಿಯ ಕಡೆಗೆ ಹೋಗದೆ, ಕಸಬರಿಗೆ ಹಿಡಿದು ಬೀದಿ ಗುಡಿಸುತ್ತಿದ್ದರು. ಅವರು ಕಟ್ಟಿಸಿದ ಧರ್ಮಶಾಲೆಯಿದೆ. ಹೋಗುವಾಗ ಮಂಗಳವೇಢೆಯಲ್ಲಿ ಎರಡು ತಾಸು ಇಳಿಯಬೇಕು. ಖರ್ಚು ವಾಟರ್ ಪಾರ್ಕಿನ ಅರ್ಧವೂ ಆಗದು. ಹತ್ತನೆಯವರಿಗೆ ನೀರಿನ ಆಟ ತಪ್ಪಿತೆಂದು ಬೇಸರವಾದೀತು. ಆಗಲಿ.

ಸಾಲಿನ ಕೊನೆಗೆ ಅವ್ವ ಪಾದಕ್ಕೆ ಹಣೆ ಹಚ್ಚಿದ್ದು ಒಂದು ಕ್ಷಣ ಮಾತ್ರ, ಹಿಂದಿನವರು ನೂಕಿದರು. ಹೊರಗೆ ಬಂದು ಬುಕ್ಕಾ, ಚುರಮುರಿ, ಬತ್ತಾಸು ಕೊಂಡಳು. ಬಸ್ಸಿನಲ್ಲಿ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ತಂದೆಯವರ ಚೀಲದ ಸಂಗತಿಯನ್ನು ಮಂಗಳವೇಢೆ ದಾಟಿದ ಮೇಲೆ ಅವಳಿಗೆ ಹೇಳಿದೆ. ಅವಳಿಗೆ ಅದು ಗೊತ್ತಿರಲಿಲ್ಲ. ಬಹಳ ಹೊತ್ತು ಕಿಡಕಿಯ ಹೊರಗೆ ಜೋಳದ ಹೊಲ ನೋಡುತ್ತ ಕುಳಿತಳು. "ಗಂಟು ಬಿಚ್ಚಬೇಕಿತ್ತಲ್ಲೋ ತಮ್ಮಾ" ಎಂದಳು, ಅಷ್ಟೇ.

ತಂಬಿಗೆಯ ನೀರನ್ನು ದೇವರ ಜಗುಲಿಯ ಮೇಲೆ ಇಟ್ಟಿದ್ದಾಳೆ. ಮನೆಗೆ ಬಂದವರಿಗೆ ತೀರ್ಥವೆಂದು ಅದನ್ನು ಕುಡಿಯಲು ಕೊಡುವುದು ಅವಳ ಪದ್ಧತಿ. ಈ ಸಲ ಮೊಮ್ಮಗಳು ಕೈ ಚಾಚಿದಾಗ, ಒಂದು ಗಳಿಗೆ ತಡೆದು, ಅವಳ ತಲೆಗೆ ಎರಡು ಹನಿ ಚಿಮುಕಿಸಿ ಮುಚ್ಚಳ ಹಾಕಿಬಿಟ್ಟಳು.